ಹುಣಿಸೆಬೀಜದಲ್ಲಿ ಜನಗಣತಿ

ಲಕ್ಷ, ಕೋಟಿಗಳೆಂದರೆ ಎಂಟು ವರ್ಷದ ಮಗುವಿಗೆ ಅಂಕೆಗಳ ಉದ್ದನೆಯ ಸಾಲು, ಅಷ್ಟೆ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6,10,95,297 ಎಂದು ಬಾಯಿಪಾಠ ಮಾಡಿಸಬಹುದು. ಮಗು ತಪ್ಪಿಲ್ಲದೆ ಒಪ್ಪಿಸಲೂಬಹುದು. ಆದರೆ ತನ್ನ ಅಜ್ಜಿಯೂ ಹಾಲು ತರುವವನೂ ಒಬ್ಬೊಬ್ಬರಾಗಿ ಆ ಸಂಖ್ಯೆಯೊಳಗೆ ಸೇರಿದ್ದಾರೆಂಬುದು ಅದಕ್ಕೆ ಹೊಳೆಯುವುದಿಲ್ಲ. ಹೊಳೆಯಬೇಕಾದರೆ ಎಣಿಕೆ ಮನೆಯ ಬಾಗಿಲಿನಿಂದಲೇ ಮೊದಲಾಗಬೇಕು.

ರಜೆಯ ದಿನ ಮಕ್ಕಳ ಕೈಗೆ ಕಾಗದ, ಪೆನ್ಸಿಲು ಕೊಟ್ಟು ನೆರೆಯ ಹತ್ತು ಮನೆಗಳ ಗಣತಿ ಮಾಡಿಸಿ ನೋಡಿ. ಒಬ್ಬರಿಗೆ ಒಂದು ಗೀಟು. ಐದನೆಯವರಿಗೆ ಆ ನಾಲ್ಕರ ಮೇಲೊಂದು ಅಡ್ಡಗೀಟು. ಮಕ್ಕಳು ಲೆಕ್ಕದೊಡನೆ ಜಗಳವನ್ನೂ ಹೊತ್ತು ತರುತ್ತಾರೆ. ಮೈಸೂರಿನಲ್ಲಿ ಓದುತ್ತಿರುವ ಅಣ್ಣ ಯಾವ ಮನೆಯವನು? ನಾಲ್ಕು ದಿನಕ್ಕೆಂದು ಬಂದಿರುವ ಸೋದರತ್ತೆ? ಈ ಜಗಳವೇ ಮೊದಲ ಪಾಠ. ಯಾರನ್ನು ಎಲ್ಲಿ ಎಣಿಸಬೇಕೆಂದು ಮೊದಲೇ ಗೊತ್ತುಮಾಡದಿದ್ದರೆ ಒಬ್ಬನು ಎರಡು ಕಡೆ ಸೇರಿಯಾನು, ಇನ್ನೊಬ್ಬನು ಎಲ್ಲಿಯೂ ಸೇರದೆ ಹೋದಾನು. 2011ರ ಗಣತಿಯಲ್ಲಿ ಫೆಬ್ರವರಿ 28ರ ರಾತ್ರಿ ರೈಲುನಿಲ್ದಾಣ, ಬೀದಿಬದಿಗಳಲ್ಲಿ ಮಲಗಿದ್ದವರನ್ನು ಹುಡುಕಿ ಎಣಿಸಿದರು. ಮನೆಯಿಲ್ಲದವನಿಗೂ ಒಂದು ಗೀಟು ಉಂಟೆಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಬೇಕು.

ಇನ್ನು ಹುಣಿಸೆಬೀಜದ ಆಟ. ಹತ್ತು ಲಕ್ಷ ಜನಕ್ಕೆ ಒಂದು ಬೀಜವೆಂದು ಇಟ್ಟುಕೊಳ್ಳೋಣ. ಇಂದಿನ ಕರ್ನಾಟಕದ ಎಲ್ಲೆಯೊಳಗೆ 1901ಕ್ಕೆ 13 ಬೀಜ, 1911ಕ್ಕೆ 14, 1921ಕ್ಕೆ ಮತ್ತೆ 13, 2011ಕ್ಕೆ 61. ಸಾಲು ಜೋಡಿಸುತ್ತಿರುವ ಮಗು 1921ರಲ್ಲಿ ತಡೆದು, “ಒಂದು ಬೀಜ ಎಲ್ಲಿ ಹೋಯಿತು?” ಎಂದು ಕೇಳದೆ ಇರದು. 1918ರ ಇನ್‌ಫ್ಲುಯೆಂಜಾ ಮಾರಿಯ ಕಥೆಯನ್ನು ಹೇಳಲು ಅದೇ ಸಮಯ. ಜೊತೆಗೆ ಇನ್ನೊಂದು ಮಾತನ್ನೂ ತಿಳಿಸಬೇಕು: ನಿಜವಾಗಿ ಇಳಿದದ್ದು ಸುಮಾರು ಒಂದೂವರೆ ಲಕ್ಷ, ಬೀಜ ತೋರಿಸುವುದು ಹತ್ತು ಲಕ್ಷ! ಅಳತೆ ದೊಡ್ಡದಾದಷ್ಟೂ ಲೆಕ್ಕ ಒರಟಾಗುತ್ತದೆ.

ಕೊನೆಯದಾಗಿ, ಅಂಕಿಗಳನ್ನು ಕಂಡೊಡನೆ ತೀರ್ಪು ಕೊಡಬಾರದೆಂಬ ಪಾಠ. 2011ರಲ್ಲಿ ಸಾವಿರ ಗಂಡಸರಿಗೆ ಉಡುಪಿ ಜಿಲ್ಲೆಯಲ್ಲಿ 1094 ಹೆಂಗಸರು, ಬೆಂಗಳೂರು ನಗರ ಜಿಲ್ಲೆಯಲ್ಲಿ 916. ಉಡುಪಿಯಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಹುಟ್ಟುತ್ತಾರೆಂದು ಮಗು ಥಟ್ಟನೆ ಹೇಳೀತು. ಆದರೆ ಆರು ವರ್ಷದವರೆಗಿನವರನ್ನಷ್ಟೇ ಎಣಿಸಿದರೆ ಅಲ್ಲಿಯೂ ಹುಡುಗಿಯರು ಹುಡುಗರಿಗಿಂತ ಕಡಿಮೆಯೇ. ಹಾಗಾದರೆ ದೊಡ್ಡವರಾದ ಗಂಡಸರು ಎಲ್ಲಿಗೆ ಹೋದರು? ಮುಂಬಯಿಗೆ, ಕೊಲ್ಲಿಯ ನಾಡುಗಳಿಗೆ, ಬೆಂಗಳೂರಿಗೆ, ಹೊಟ್ಟೆಪಾಡಿಗಾಗಿ. ಒಂದು ಅಂಕಿಯ ಹಿಂದೆ ಅಪ್ಪನ ಕಾಗದಕ್ಕಾಗಿ ಕಾದ ಎಷ್ಟು ಮನೆಗಳಿವೆಯೆಂಬುದನ್ನು ಮಗು ಆಗ ಕಾಣುತ್ತದೆ. ಹೀಗೆ ಕೇಳಿ ನೋಡುವುದನ್ನು ಕಲಿತ ಮಗುವನ್ನು ಮುಂದೆ ಬರಿಯ ಅಂಕಿಗಳಿಂದ ಮರುಳುಮಾಡುವುದು ಸುಲಭವಲ್ಲ.

2021ರಲ್ಲಿ ನಡೆಯಬೇಕಾಗಿದ್ದ ಗಣತಿ 2027ಕ್ಕೆಂದು 2025ರಲ್ಲಿ ಪ್ರಕಟವಾಯಿತು. ಗಣತಿಯವರು ಬಾಗಿಲಿಗೆ ಬಂದಾಗ, “ದೊಡ್ಡವರು ಮಾತಾಡುತ್ತಿದ್ದಾರೆ, ಒಳಗೆ ಹೋಗು” ಎಂದು ಮಕ್ಕಳನ್ನು ಅಟ್ಟದೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಣಿಕೆಗೆ ಸೇರುವವರಲ್ಲಿ ಅವರೂ ಇದ್ದಾರೆ.