ಸವತೆಬಳ್ಳಿಯ ನೀರಿನ ಲೆಕ್ಕ

ಜೋಳದ ರೊಟ್ಟಿಯ ಊಟಕ್ಕೆ ಹಸಿಯ ಸವತೆಕಾಯಿ ಎಷ್ಟು ಒಪ್ಪುತ್ತದೆಂಬುದನ್ನು ಕೊಪ್ಪಳ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಕಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ಬರಿಯ ನೀರು. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಾತ್ರ ಮಳೆ ಬೀಳುವ, ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮುಟ್ಟುವ ಈ ನಾಡಿನಲ್ಲಿ, ನೀರೇ ತುಂಬಿದ ಇಂಥ ಕಾಯಿಯನ್ನು ಮನೆಯ ಹಿತ್ತಲಿನಲ್ಲಿ ಬೆಳೆಯುವುದು ಉಚಿತವೇ? ಕುಷ್ಟಗಿ, ಯಲಬುರ್ಗಾಗಳಂಥ ಒಣಭೂಮಿಯ ತಾಲೂಕುಗಳಲ್ಲಿ ಕೊಡ ನೀರಿಗೂ ಬೆಲೆಯುಂಟು. ಆದುದರಿಂದ ಈ ಪ್ರಶ್ನೆಗೆ ಊಹೆಯಿಂದಲ್ಲ, ಲೆಕ್ಕದಿಂದಲೇ ಉತ್ತರ ಕೊಡಬೇಕು.

ಎರಡು ಮೀಟರು ಉದ್ದ, ಎರಡು ಮೀಟರು ಅಗಲದ ಒಂದು ಪಾತಿಯನ್ನು ತೆಗೆದುಕೊಳ್ಳೋಣ. ಇದರಲ್ಲಿ ಆರು ಬಳ್ಳಿಗಳನ್ನು ಬೆಳೆಸಬಹುದು. ಬಳ್ಳಿ ಹಬ್ಬಿ ನೆಲವನ್ನು ಮುಚ್ಚಿದ ಮೇಲೆ, ಬಿಸಿಲಿನ ದಿನ ಒಂದು ಚದರ ಮೀಟರಿನಿಂದ ಸುಮಾರು 5 ಲೀಟರು ನೀರು ಆವಿಯಾಗಿ ಹೋಗುತ್ತದೆ. ಎಳೆಯ ದಿನಗಳಲ್ಲಿ ಇದು ಕಡಿಮೆ. ದಿನಕ್ಕೆ ಸರಾಸರಿ ಮೂರೂವರೆ ಲೀಟರು ಎಂದಿಟ್ಟುಕೊಂಡರೆ, 80 ದಿನಗಳ ಬೆಳೆಗೆ ಆ ಪಾತಿಯಿಂದ 1100 ಲೀಟರಿಗೂ ಸ್ವಲ್ಪ ಹೆಚ್ಚು ನೀರು ಖರ್ಚಾಗುವುದು. ಬಳ್ಳಿಯೊಂದಕ್ಕೆ ಎರಡೂವರೆ ಕಿಲೋಗ್ರಾಂ ಕಾಯಿ ಬಂದಿತೆಂದು ಭಾವಿಸಿದರೆ, ಒಟ್ಟು 15 ಕಿಲೋಗ್ರಾಂ ಕಾಯಿಯಲ್ಲಿ ಸೇರಿದ ನೀರು ಕೇವಲ 14 ಲೀಟರು! ಎಂದರೆ, ಹಾಕಿದ ನೀರಿನಲ್ಲಿ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಕಾಯಿಗೆ ಸಂದಿತು. ಉಳಿದುದೆಲ್ಲ ಎಲ್ಲಿಗೆ ಹೋಯಿತು?

ಉಳಿದುದರಲ್ಲಿ ಬಹುಪಾಲು ಎಲೆಗಳ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ವಾಯುವನ್ನು ಸೇರಿತು. ಇದನ್ನೇ ಬಾಷ್ಪವಿಸರ್ಜನೆ ಎನ್ನುತ್ತೇವೆ. ಇದನ್ನು ದುಂದುಗಾರಿಕೆಯೆಂದು ತಿಳಿಯಬಾರದು. ನಡುಹಗಲಿನ ನೇರ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟಿನಷ್ಟು ಶಕ್ತಿಯನ್ನು ಸುರಿಯುತ್ತದೆ. ಅದು ಒಂದು ಇಸ್ತ್ರಿಪೆಟ್ಟಿಗೆಯ ಶಕ್ತಿಗೆ ಸಮಾನ. ಇಷ್ಟನ್ನು ತಾಳಿಕೊಂಡು ಎಲೆ ಬೇಯದೆ ಉಳಿಯುವುದಾದರೂ ಹೇಗೆ? ಒಂದು ಗ್ರಾಂ ನೀರನ್ನು 30 ಡಿಗ್ರಿಯಿಂದ ಕುದಿಯುವ 100 ಡಿಗ್ರಿಯವರೆಗೆ ಕಾಯಿಸಲು 70 ಕ್ಯಾಲೊರಿ ಸಾಕು. ಆದರೆ ಅದೇ ಗ್ರಾಂ ನೀರು 30 ಡಿಗ್ರಿಯಲ್ಲಿಯೇ ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಗುಪ್ತೋಷ್ಣ ಬೇಕು. ಈ ಉಷ್ಣವನ್ನು ಆವಿಯು ಎಲೆಯಿಂದಲೇ ಹೊತ್ತೊಯ್ಯುತ್ತದೆ. ಹೊಸ ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೂ ಇದೇ ನಿಯಮದಿಂದ. ಮೇಲಾಗಿ, ಆಹಾರ ತಯಾರಿಸಲು ಬೇಕಾದ ಇಂಗಾಲದ ಡೈ ಆಕ್ಸೈಡು ಒಳಬರುವುದೂ ಆ ರಂಧ್ರಗಳಿಂದಲೇ. ನೀರು ಸಾಲದೆ ರಂಧ್ರಗಳು ಮುಚ್ಚಿದರೆ ಎಲೆ ಬಿಸಿಯಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಡುಹಗಲಿನಲ್ಲಿ ಸವತೆಯ ಅಗಲವಾದ ಎಲೆಗಳು ಜೋತುಬೀಳುವುದನ್ನು ಕಂಡು ಅನೇಕರು ಕೂಡಲೇ ನೀರು ಸುರಿಯುತ್ತಾರೆ. ಬೇರು ಎಳೆದುಕೊಡುವ ವೇಗಕ್ಕಿಂತ ಎಲೆ ಕಳೆದುಕೊಳ್ಳುವ ವೇಗ ಹೆಚ್ಚಾದಾಗ, ನೆಲದಲ್ಲಿ ತೇವವಿದ್ದರೂ ಎಲೆ ಬಾಡುವುದುಂಟು. ಸಂಜೆಗೆ ಅದು ತಾನೇ ಚೇತರಿಸಿಕೊಂಡರೆ ಚಿಂತಿಸಬೇಕಾದುದಿಲ್ಲ. ಬೆಳಗಿನ ಹೊತ್ತಿನಲ್ಲಿಯೂ ಬಾಡಿಯೇ ಇದ್ದರೆ, ಎರಡು ಅಂಗುಲ ಆಳಕ್ಕೆ ಬೆರಳಿಟ್ಟು ನೋಡಬೇಕು. ಅಲ್ಲಿ ಮಣ್ಣು ಒಣಗಿದ್ದರೆ ಮಾತ್ರ ನೀರಿನ ಕೊರತೆಯೆಂದು ತಿಳಿಯಬೇಕು.

ಈಗ ಲೆಕ್ಕದ ಇನ್ನೊಂದು ಮಗ್ಗುಲನ್ನು ನೋಡೋಣ. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು ನೀರು. ಹಾಗಾದರೆ 600 ಮಿಲಿಮೀಟರು ಮಳೆಯಾದ ವರ್ಷ ನಮ್ಮ ಪುಟ್ಟ ಪಾತಿಯ ಮೇಲೆಯೇ 2400 ಲೀಟರು ಬೀಳುತ್ತದೆ. ಬೆಳೆಗೆ ಬೇಕಾದುದರ ಇಮ್ಮಡಿ! ತೊಂದರೆಯಿರುವುದು ಮೊತ್ತದಲ್ಲಲ್ಲ, ಹಂಚಿಕೆಯಲ್ಲಿ. ಮಳೆ ಕೆಲವೇ ದಿನ ಸುರಿದು ಹರಿದುಹೋಗುತ್ತದೆ. ಬಳ್ಳಿಗಾದರೋ ದಿನದಿನವೂ ನೀರು ಬೇಕು. ಆದ್ದರಿಂದ ಮುಂಗಾರಿನ ಆರಂಭದಲ್ಲಿ ಬೀಜವೂರಿ, ಬಿದ್ದ ನೀರನ್ನು ನೆಲದಲ್ಲಿ ಹಿಡಿದಿಡುವುದೇ ಜಾಣತನ. ಇಪ್ಪತ್ತೈದು ಚದರ ಮೀಟರಿನ ಕಾಂಕ್ರೀಟು ಮಾಳಿಗೆಯಿಂದ 10 ಮಿಲಿಮೀಟರಿನ ಒಂದು ಮಳೆಗೆ 250 ಲೀಟರಿನವರೆಗೆ ನೀರನ್ನು ತೊಟ್ಟಿಗೆ ಇಳಿಸಿಕೊಳ್ಳಬಹುದು.

ನೀರನ್ನು ಹಿಡಿಯುವ ಶಕ್ತಿ ಎಲ್ಲ ಮಣ್ಣಿಗೂ ಒಂದೇ ಅಲ್ಲ. ಎರೆಮಣ್ಣಿನ ಕಣಗಳು ಬಲು ಸಣ್ಣವು; ಅದು ಬಹಳ ನೀರನ್ನು ಹಿಡಿಯುತ್ತದೆ, ಆದರೆ ನೀರು ನಿಂತರೆ ಬೇರಿಗೆ ಉಸಿರು ಸಿಗದು. ಅಲ್ಲಿ ಪಾತಿಯನ್ನು ಎತ್ತರಿಸಬೇಕು. ಮರಳು ಬೆರೆತ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಳಿದುಹೋಗುವುದರಿಂದ ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿ ಬೆರೆಸಬೇಕು. ಎರಡೂ ಕಡೆ ಒಣ ಎಲೆಯನ್ನೋ ಭತ್ತದ ಹುಲ್ಲನ್ನೋ ನಾಲ್ಕು ಬೆರಳು ದಪ್ಪ ಹೊದಿಸಿದರೆ, ಬಿಸಿಲು ಗಾಳಿಗಳು ನೆಲವನ್ನು ನೇರವಾಗಿ ತಾಗದೆ ತೇವ ಉಳಿಯುವುದು.

ಇದಕ್ಕಿಂತಲೂ ಸೊಗಸಾದ ಉಪಾಯವೊಂದುಂಟು. ಹೊಳಪು ಬಳಿಯದ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿ, ಸುತ್ತಲೂ ಬೀಜವನ್ನೂರುವುದು. ಕ್ರಿಸ್ತಪೂರ್ವ ಒಂದನೆಯ ಶತಮಾನದ ಚೀನೀ ಕೃಷಿಗ್ರಂಥವೊಂದರಲ್ಲಿ ಇದೇ ಕುಟುಂಬದ ಬಳ್ಳಿಗಳಿಗೆ ಈ ವಿಧಾನವನ್ನು ಹೇಳಿದೆ. ಮಣ್ಣು ಒಣಗಿದಾಗ ಅದು ಗಡಿಗೆಯ ರಂಧ್ರಗಳಿಂದ ನೀರನ್ನು ಸೆಳೆಯುತ್ತದೆ. ತೇವವಾದಾಗ ಸೆಳೆತ ತಗ್ಗಿ ಒಸರುವಿಕೆಯೂ ತಗ್ಗುತ್ತದೆ. ಕೇಳುವವನ ಬಾಯಾರಿಕೆಯನ್ನು ತಿಳಿದು ನೀಡುವ ಯಂತ್ರವಿದು!

ಹಾಗಾದರೆ ನೀರು ಯಥೇಚ್ಛವಾಗಿರುವಲ್ಲಿ ತೊಂದರೆಯೇ ಇಲ್ಲವೆನ್ನಬಹುದೇ? ಇದಕ್ಕೆ ಗಂಗಾವತಿಯ ಕಡೆ ನೋಡಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಆ ಪ್ರದೇಶವನ್ನು ಭತ್ತದ ಕಣಜವಾಗಿಸಿತು. ಆದರೆ ಕಾಲುವೆಯ ಅಚ್ಚುಕಟ್ಟಿನ ಕೆಲವೆಡೆ ನೀರು ಬಸಿಯದೆ ನಿಂತು, ನೆಲದೊಳಗಿನ ಲವಣ ಮೇಲೆ ಬಂದು, ಭೂಮಿ ಸವಳಾಯಿತು. ಸವಳು ನೆಲದಲ್ಲಿ ಬಳ್ಳಿಗಾಗುವ ತೊಂದರೆಯನ್ನು ಅಡುಗೆಮನೆಯಲ್ಲಿಯೇ ಕಾಣಬಹುದು. ಹೆಚ್ಚಿದ ಸವತೆಕಾಯಿಗೆ ಉಪ್ಪು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರೆ ಪಾತ್ರೆಯಲ್ಲಿ ನೀರು ನಿಲ್ಲುತ್ತದೆ. ಲವಣ ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ನೀರು ಜೀವಕೋಶದ ಪೊರೆಯನ್ನು ದಾಟಿ ಬರುತ್ತದೆ. ಇದಕ್ಕೆ ಅಭಿಸರಣವೆಂದು ಹೆಸರು. ಮಣ್ಣಿನಲ್ಲಿ ಉಪ್ಪು ಹೆಚ್ಚಿದಷ್ಟೂ ಬೇರು ನೀರನ್ನು ಹೀರುವುದು ಕಷ್ಟವಾಗಿ, ನೀರಿನ ನಡುವೆಯೇ ಬಳ್ಳಿ ಬಾಯಾರುತ್ತದೆ. ರಾಸಾಯನಿಕ ಗೊಬ್ಬರವನ್ನು ಬೊಗಸೆಗಟ್ಟಲೆ ಹಾಕಿದರೂ ಇದೇ ಗತಿ.

ಕಾಯಿ ಕಚ್ಚದಿರುವುದಕ್ಕೂ ಅನೇಕರು ನೀರಿನ ಕೊರತೆಯನ್ನೇ ಕಾರಣವೆನ್ನುತ್ತಾರೆ. ಇದು ಯಾವಾಗಲೂ ನಿಜವಲ್ಲ. ಸಾಮಾನ್ಯ ಸವತೆಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಹೀಚಿರುತ್ತದೆ. ಮೊದಲು ಬರುವುವು ಸಾಮಾನ್ಯವಾಗಿ ಗಂಡು ಹೂಗಳೇ. ಅವು ಉದುರಿದರೆ ಗಾಬರಿಯಾಗಬೇಕಿಲ್ಲ. ಹೆಣ್ಣು ಹೂ ಅರಳಿದ ದಿನ ಜೇನುನೊಣಗಳು ಪರಾಗವನ್ನು ತಂದು ಮುಟ್ಟಿಸದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಅದಕ್ಕೆ ನೀರು ಸುರಿದು ಪ್ರಯೋಜನವಿಲ್ಲ. ಬೆಳಗ್ಗೆ ಆಗತಾನೆ ಅರಳಿದ ಗಂಡು ಹೂವನ್ನು ಕಿತ್ತು, ಅದರ ಪರಾಗವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಮೆಲ್ಲನೆ ಸವರಿದರೆ ಸಾಕು. ಬಳ್ಳಿ ಹೂಬಿಟ್ಟಿರುವಾಗ ಕೀಟನಾಶಕಗಳನ್ನು ಸಿಂಪಡಿಸಿ ಜೇನುನೊಣಗಳನ್ನು ಕೊಲ್ಲಬಾರದು.

ಕೊನೆಯದಾಗಿ ಕಹಿಯ ಮಾತು. ಸವತೆಯ ಬಳ್ಳಿಯಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿವಸ್ತುಗಳು ಹುಟ್ಟುತ್ತವೆ. ತಳಿಯ ಗುಣವೂ ಇದಕ್ಕೆ ಕಾರಣ. ಆದರೆ ಒಂದು ದಿನ ಬರ, ಮರುದಿನ ನೆರೆ ಎಂಬಂತೆ ನೀರುಣಿಸಿದಾಗ ಮತ್ತು ಬಿಸಿಲಿನ ತಾಪ ಹೆಚ್ಚಾದಾಗ ಕಹಿ ಕಾಯಿಗಳು ಅಧಿಕವಾಗುತ್ತವೆ. ಕಹಿ ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ ಹೆಚ್ಚು; ಆ ಭಾಗವನ್ನು ತೆಗೆದರೆ ಅಲ್ಪ ಕಹಿ ಹೋಗಬಹುದು. ತೀರ ಕಹಿಯಾದ ಕಾಯಿಯನ್ನು ಮಾತ್ರ ತಿನ್ನದೆ ಎಸೆಯಬೇಕು. ಅದರಿಂದ ಹೊಟ್ಟೆನೋವು, ವಾಂತಿ ಉಂಟಾಗಬಹುದು.

ಆದ್ದರಿಂದ ಮೊದಲಿನ ಪ್ರಶ್ನೆಗೆ ನಮ್ಮ ಉತ್ತರವಿಷ್ಟು: ಸವತೆ ಬೇಡುವುದು ಬಹಳ ನೀರನ್ನಲ್ಲ, ತಪ್ಪದ ನೀರನ್ನು. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಪಾತಿಗಳಲ್ಲಿ ಒಂದಕ್ಕೆ ಹುಲ್ಲು ಹೊದಿಸಿ, ಇನ್ನೊಂದನ್ನು ಬಯಲಾಗಿ ಬಿಟ್ಟು, ಎರಡು ಅಂಗುಲ ಆಳದ ಮಣ್ಣು ಒಣಗಿದಾಗ ಮಾತ್ರ ನೀರೆರೆಯಲಿ. ಹಾಕಿದ ನೀರನ್ನು ಲೀಟರಿನಲ್ಲಿಯೂ ಕೊಯ್ದ ಕಾಯಿಯನ್ನು ಗ್ರಾಮಿನಲ್ಲಿಯೂ ಪ್ರತಿದಿನ ಬರೆದಿಡಲಿ. ಬೀಜ ಮೊಳೆತ ಮೇಲೆ ಒಂದೂವರೆ ಎರಡು ತಿಂಗಳಲ್ಲಿ ಕಾಯಿ ಕೈಗೆ ಬರುತ್ತದೆ. ಅಷ್ಟರಲ್ಲಿ ಒಂದು ಕಿಲೋಗ್ರಾಂ ಸವತೆಕಾಯಿಗೆ ತಮ್ಮ ಹಿತ್ತಲಿನ ಮಣ್ಣು ಎಷ್ಟು ಕೊಡ ನೀರನ್ನು ಕೇಳುತ್ತದೆಂಬುದೂ ಅವರಿಗೆ ತಿಳಿಯತೊಡಗುತ್ತದೆ.