ದಾದಾ ಅವರ ವಹಿ ಮತ್ತು ನನ್ನ ಹಳೆಯ ಲ್ಯಾಪ್‌ಟಾಪ್

ನಿತ್ಯದ ಕೆಲಸಕ್ಕೆ ನಿನಗೆ ಇಷ್ಟವಾದ ಸಾಫ್ಟ್‌ವೇರ್ ಯಾವುದು, ಅದರ ಬಗ್ಗೆ ಬರೆದುಕೊಡು ಎಂದು ಸರ್ ಹೇಳಿದರು. ಗೆಳತಿಯರೆಲ್ಲ ವಿಡಿಯೋ ಎಡಿಟ್ ಮಾಡುವ ಆ್ಯಪ್‌ಗಳ ಹೆಸರು ಹೇಳಿದರು. ನನ್ನ ಉತ್ತರ ಸಪ್ಪೆ: ಒಂದು ಸ್ಪ್ರೆಡ್‌ಶೀಟ್, ಒಂದು ಕನ್ನಡ ಕೀಬೋರ್ಡ್. ಇವೆರಡೇ ಏಕೆ ಎಂದು ಹೇಳಬೇಕಾದರೆ ನಮ್ಮ ಮನೆಯ ವಹಿಯಿಂದ ಶುರು ಮಾಡಬೇಕು.

ನಮ್ಮ ದಾದಾ ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುತ್ತಿದ್ದರು. ತೋಟದವರಿಂದ ಎಲೆ ಕೊಂಡು ಹಾನಗಲ್, ಶಿಗ್ಗಾವಿ, ಹಿರೇಕೆರೂರಿನ ಪಾನ್ ಅಂಗಡಿಗಳಿಗೆ ಕೊಡುವುದು. ಅರ್ಧ ರೊಕ್ಕ, ಅರ್ಧ ಉದ್ರಿ. ಉದ್ರಿಯೆಲ್ಲ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿಯಲ್ಲಿ, ಉರ್ದುವಿನಲ್ಲಿ. ಹೋದ ವರ್ಷ ರಂಜಾನ್ ಮುಗಿದ ಮೇಲೆ ದಾದಾ ತೀರಿಕೊಂಡರು. ವಹಿ ಉಳಿಯಿತು, ಅದನ್ನು ಓದುವವರು ಉಳಿಯಲಿಲ್ಲ. ಅಬ್ಬಾ ಕನ್ನಡ ಶಾಲೆಯಲ್ಲಿ ಕಲಿತವರು. ನಾನು ಮನೆಯಲ್ಲಿ ಉರ್ದು ಮಾತಾಡುತ್ತೇನೆ, ಚಿಕ್ಕವಳಿದ್ದಾಗ ಮದರಸಾದಲ್ಲಿ ಅರಬ್ಬಿ ಅಕ್ಷರ ಕಲಿತಿದ್ದೇನೆ. ಆದರೆ ಕುರಾನ್‌ನಲ್ಲಿ ಸಾಲಿನ ಮೇಲೆ ನೆಟ್ಟಗೆ ಕೂರುವ ಅಕ್ಷರವೇ ಬೇರೆ, ಉರ್ದು ಕೈಬರಹದ ನಸ್ತಾಲೀಕ್ ಬೇರೆ. ಅದು ಮೇಲಿನಿಂದ ಕೆಳಕ್ಕೆ ಜಾರಿಕೊಂಡು ಬರುತ್ತದೆ, ದಾದಾ ಅವಸರದಲ್ಲಿದ್ದಾಗ ಚುಕ್ಕೆಗಳನ್ನೂ ಬಿಟ್ಟಿರುತ್ತಾರೆ. ಓದಬಲ್ಲವರು ದಾದಿ ಒಬ್ಬರೇ, ಅವರ ಒಂದು ಕಣ್ಣಿಗೆ ಪೊರೆ ಬಂದಿದೆ.

ಅಬ್ಬಾ ವಸೂಲಿಯ ಮಾತು ತೆಗೆದಾಗ ದಾದಿ ಹೇಳಿದ್ದು ಒಂದೇ: "ಪೈಲೆ ದೇನೇ ಕಾ ದೇಖೋ, ಲೇನೇ ಕಾ ಬಾದ್ ಮೇ." ಮೊದಲು ಅವರು ತೋಟದವರಿಗೆ ಕೊಡಬೇಕಾದದ್ದು ನೋಡಿ, ತಗೊಳ್ಳುವುದು ಆಮೇಲೆ. ಹೀಗೆ ಆ ಕೆಲಸ ನನ್ನ ಪಾಲಿಗೆ ಬಂತು. ಕಾಮರ್ಸ್ ಓದುತ್ತಾಳಲ್ಲ ಎಂದು.

ಹಾರ್ಡ್‌ವೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಾಚಾ ಕೊಟ್ಟ ಹಳೆಯ ಲ್ಯಾಪ್‌ಟಾಪ್, ರ‍್ಯಾಮ್ 4 ಜಿಬಿ. ಬ್ಯಾಟರಿ ಸತ್ತಿದೆ, ಕರೆಂಟ್ ಹೋದರೆ ಅದೂ ಹೋಗುತ್ತದೆ. ಶುರುವಾಗಲು ಚಹಾ ಕುದಿಸುವಷ್ಟು ಹೊತ್ತು ಬೇಕಿತ್ತು. ಒಳಗಿನ ತಿರುಗುವ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಹೊಸ ಜೀವ ಬಂದಂತಾಯಿತು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ಮಾಹಿತಿ ಹುಡುಕಲು ಮುಳ್ಳು ಓಡಾಡಬೇಕಾಗಿಲ್ಲ, ಅದಕ್ಕೇ ಅಷ್ಟು ವೇಗ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದವರು ಹೊಸದು ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ. ಇನ್ನೊಂದು ಸಾಧನ ಅಮ್ಮಿಯ ಫೋನಿನ ಕ್ಯಾಮೆರಾ. ವಹಿಯ 140 ಪುಟಗಳನ್ನೂ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಪುಟದ ನಂಬರನ್ನೇ ಫೈಲಿನ ಹೆಸರಾಗಿ ಇಟ್ಟೆ. ದಾದಿಗೆ ಫೋಟೋ ದೊಡ್ಡದು ಮಾಡಿ ತೋರಿಸಬಹುದು, ವಹಿಯನ್ನು ದೊಡ್ಡದು ಮಾಡಲು ಬರುವುದಿಲ್ಲ. ಫೋಟೋದಿಂದ ತಾನೇ ಅಕ್ಷರ ಓದುವ ಆ್ಯಪ್ ಒಂದನ್ನೂ ನೋಡಿದೆ. ದಾದಾ ಅವರ ಕೈಬರಹ ಅದಕ್ಕೆ ಒಂದು ಸಾಲೂ ಹತ್ತಲಿಲ್ಲ.

ಆಗ ಅಬ್ಬಾಗೆ ನೆನಪಾಯಿತು: ಆರು ವರ್ಷದ ಹಿಂದೆ ಗಿರಾಕಿಗಳ ಹೆಸರುಗಳನ್ನು ಒಂದು ಅಂಗಡಿಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿಸಿದ್ದರು. ಪೆನ್‌ಡ್ರೈವ್ ಸಿಕ್ಕಿತು. ಫೈಲ್ ತೆರೆದರೆ ಕನ್ನಡವೇ ಇಲ್ಲ! ತಲೆಯ ಮೇಲೆ ಗೀಟು, ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಮತ್ತು ಯೆನ್ ಗುರುತು. ವೈರಸ್ ಬಂದಿದೆ ಎಂದು ಅಬ್ಬಾ ಹೇಳಿದರು. ವೈರಸ್ ಅಲ್ಲ. ಅದು ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು, ನನ್ನ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇರಲಿಲ್ಲ, ಅಷ್ಟೇ.

ಇದು ನಮ್ಮಲ್ಲಿ ಬಹಳ ಜನರಿಗೆ ಆಗಿರುತ್ತದೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಪ್ಯೂಟರ್ ಅಕ್ಷರವನ್ನು ಚಿತ್ರವಾಗಿ ಇಡುವುದಿಲ್ಲ, ಸಂಖ್ಯೆಯಾಗಿ ಇಡುತ್ತದೆ. ಕನ್ನಡಕ್ಕೆ ಸ್ವಂತ ಸಂಖ್ಯೆಗಳು ಬಳಕೆಗೆ ಬರುವ ಮೊದಲು ಒಂದು ಉಪಾಯ ಮಾಡಿದ್ದರು: ಇಂಗ್ಲಿಷಿನ ಸಂಖ್ಯೆಯನ್ನೇ ಇಟ್ಟುಕೊಂಡು, ಫಾಂಟಿನಲ್ಲಿ ಮಾತ್ರ ಅದರ ಚಿತ್ರ ಬದಲಿಸುವುದು. 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ನುಡಿ ಮಾಡಿತು. ಆ ಹಳೆಯ ನುಡಿ ಫಾಂಟಿನಲ್ಲಿ 'ನ' ಬರೆದರೆ ಒಳಗೆ ಇರುವುದು ಪೌಂಡ್ ಗುರುತು, 'ಪ' ಬರೆದರೆ ಯೆನ್ ಗುರುತು. ಫಾಂಟ್ ಇದ್ದರೆ ನಾಗಪ್ಪ, ಇಲ್ಲದಿದ್ದರೆ ಇಂಗ್ಲೆಂಡಿನ ದುಡ್ಡು. ಓದಲು ಬಾರದಿರುವುದು ಒಂದು ತೊಂದರೆ ಮಾತ್ರ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಯಲ್ಲಪ್ಪ ಮೊದಲು ಬಂದು ಅಬ್ದುಲ್ ಆಮೇಲೆ ಬರುತ್ತಾನೆ. ಏಕೆಂದರೆ 'ಯ' ಅಕ್ಷರದ ಮೊದಲ ತುಂಡು ಕೂತಿರುವುದು ಇಂಗ್ಲಿಷ್ 'ಎ' ಜಾಗದಲ್ಲಿ, 'ಅ' ಕೂತಿರುವುದು 'ಸಿ' ಜಾಗದಲ್ಲಿ. ಪರದೆಯ ಮೇಲೆ ಕನ್ನಡ ಕಂಡರೂ ಕಂಪ್ಯೂಟರಿಗೆ ಅದು ಕನ್ನಡವಲ್ಲ.

ಯೂನಿಕೋಡ್ ಬಂದದ್ದು ಇದಕ್ಕೇ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ವಂತ ಜಾಗಗಳು ಸಿಕ್ಕಿವೆ. ಉರ್ದು ಅರಬ್ಬಿಯ ಮನೆಯಲ್ಲಿ ತನ್ನ ಟೆ, ಡಾಲ್, ಬಡೀ ಯೇ ಜೊತೆಗೆ ಇದೆ. ಫಾಂಟ್ ಯಾವುದೇ ಇರಲಿ, 'ನ' ಎಂದರೆ 'ನ' ಸಂಖ್ಯೆಯೇ. ಹಳೆಯ ಫೈಲನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ನನ್ನದು ಹತ್ತು ನಿಮಿಷದಲ್ಲಿ ಆಯಿತು. ನುಡಿಯ ಮೇಲೆ ನನಗೆ ಸಿಟ್ಟಿಲ್ಲ, ಅದರಲ್ಲಿ ಈಗ ಯೂನಿಕೋಡಿನಲ್ಲೇ ಬರೆಯಬಹುದು. ಅದರ ಕೀಲಿ ಜೋಡಣೆ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರದು. ನನಗೆ ಅದಕ್ಕಿಂತ ಒಳ್ಳೆಯದು ಬೇರೆ ಕಂಡಿಲ್ಲ. ಒತ್ತಕ್ಷರಕ್ಕೆ 'ಎಫ್' ಕೀಲಿ. ಯಲ್ಲಪ್ಪ ಎನ್ನಲು ವೈ, ಎಲ್, ಎಫ್, ಎಲ್, ಪಿ, ಎಫ್, ಪಿ. ಏಳೇ ಏಟು. ಒಂದು ವಾರ ಕಷ್ಟ, ಆಮೇಲೆ ಬೆರಳೇ ನೆನಪಿಟ್ಟುಕೊಳ್ಳುತ್ತದೆ.

ಇನ್ನು ಸ್ಪ್ರೆಡ್‌ಶೀಟ್. ನಾನು ಬಳಸುವುದು ಲಿಬ್ರೆ ಆಫೀಸ್ ಕ್ಯಾಲ್ಕ್, ಪುಕ್ಕಟೆಯದು. ಈ ಸ್ಪ್ರೆಡ್‌ಶೀಟ್ ಹುಟ್ಟಿದ ಕಥೆ ಕಾಮರ್ಸಿನವರು ಕೇಳಲೇಬೇಕಾದದ್ದು. ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಹಾರ್ವರ್ಡ್‌ನಲ್ಲಿ ಬಿಸಿನೆಸ್ ಓದುತ್ತಿದ್ದಾಗ, ಬೋರ್ಡಿನ ಮೇಲೆ ಒಂದು ಅಂಕಿ ಬದಲಾದರೆ ಉಳಿದದ್ದನ್ನೆಲ್ಲ ಒರೆಸಿ ಬರೆಯಬೇಕಾಗುವುದನ್ನು ನೋಡಿ ಈ ಯೋಚನೆ ಬಂತಂತೆ. ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಮಾಡಿದ ವಿಸಿಕ್ಯಾಲ್ಕ್ 1979ರಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ಹಾಗೆ ಕ್ಲಾಸಿನಲ್ಲಿ ಕೂತವನೇ!

ನನ್ನ ಶೀಟಿನಲ್ಲಿ ಆರು ಕಂಬಗಳು: ಖಾತೆ ನಂಬರ್, ಕನ್ನಡದಲ್ಲಿ ಹೆಸರು, ಊರು, ತಾರೀಖು, ಮೊತ್ತ, ಫೋಟೋ ನಂಬರ್. ದಾದಿ ಓದುವುದು, ನಾನು ಟೈಪ್ ಮಾಡುವುದು, ರಾತ್ರಿ ಇಶಾ ನಮಾಜ್ ಆದ ಮೇಲೆ ಒಂದು ತಾಸು. ಖಾತೆ ನಂಬರ್ ಮೊದಲು ಇರಲಿಲ್ಲ, ಒದ್ದಾಡಿದ ಮೇಲೆ ಬಂತು. ಒಬ್ಬ ಗಿರಾಕಿಯದೆಲ್ಲ ಕೂಡಿಸಲು 'ಸಮ್ಇಫ್' ಎಂಬ ಸೂತ್ರ ಇದೆ: ಈ ಹೆಸರು ಇರುವ ಸಾಲುಗಳ ಮೊತ್ತ ಮಾತ್ರ ಕೂಡಿಸು ಎಂದು ಅರ್ಥ. ನಾನು ಮಹಮ್ಮದ್, ಮೊಹಮ್ಮದ್, ಮಹ್ಮದ್ ಎಂದು ಮೂರು ಥರ ಬರೆದಿದ್ದೆ. ಶೀಟಿಗೆ ಅವರು ಮೂವರು ಬೇರೆ ಬೇರೆ ಜನ. ಅದು ನನ್ನ ತಪ್ಪು, ಸರಿ. ಆದರೆ ಒಬ್ಬ ಖಾನ್ ಸಾಹೇಬರ ಹೆಸರು ಕಣ್ಣಿಗೆ ಒಂದೇ ಕಾಣುತ್ತಿದ್ದರೂ ಲೆಕ್ಕ ಕೂಡಲೇ ಇಲ್ಲ. ಎರಡು ದಿನ ತಲೆ ಕೆಟ್ಟಿತು. ಕೊನೆಗೆ ಅಕ್ಷರ ಎಣಿಸುವ 'ಲೆನ್' ಸೂತ್ರ ಹಾಕಿದೆ. ನಾನು ಟೈಪ್ ಮಾಡಿದ 'ಖಾನ್' ನಾಲ್ಕು: ಖ, ದೀರ್ಘ, ನ, ಹಲಂತ. ಹಳೆಯ ಫೈಲಿನಿಂದ ಬಂದ ಖಾನ್ ಐದು! ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಕೂತಿತ್ತು. ಮುಂದಿನ ಅಕ್ಷರ ಒತ್ತಾಗಿ ಅಂಟಿಕೊಳ್ಳಬಾರದೆಂದು ಹಾಕುವ ಗುರುತು ಅದು. 'ಇಮ್ತಿಯಾಜ್‌ಖಾನ್' ಎಂದು ಕೂಡಿಸಿ ಬರೆಯುವಾಗ ನಡುವೆ ಬೇಕು, ಪದದ ಕೊನೆಯಲ್ಲಿ ಬೇಕಾಗಿಲ್ಲ. ಅದರ ಸಂಖ್ಯೆ 8204. ಹುಡುಕಿ ತೆಗೆದ ಮೇಲೆ ಲೆಕ್ಕ ಕೂಡಿತು. ನಿಮ್ಮ ಶೀಟಿನಲ್ಲಿಯೂ ಕನ್ನಡ ಹೆಸರು ಹೊಂದದಿದ್ದರೆ ಮೊದಲು 'ಲೆನ್' ಹಾಕಿ ನೋಡಿ.

ಟ್ಯಾಲಿ ಏಕೆ ಬಳಸಲಿಲ್ಲ ಎಂದು ಕ್ಲಾಸಿನಲ್ಲಿ ಕೇಳಿದರು. ಟ್ಯಾಲಿ ನಮ್ಮ ಬೆಂಗಳೂರಿನದೇ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರಕ್ಕೆ ಸರಿಯಾದ ಲೆಕ್ಕದ ಸಾಫ್ಟ್‌ವೇರ್ ಇಲ್ಲವೆಂದು ಮಗ ಭರತ್ ಗೋಯೆಂಕಾ ಅವರಿಂದ ಮಾಡಿಸಿದ್ದು. ನಾನೂ ಕಲಿಯುತ್ತಿದ್ದೇನೆ. ಆದರೆ ಪುಕ್ಕಟೆಯ ಕಲಿಕಾ ಮಾದರಿಯಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ನಮೂದು ಮಾಡಬಹುದು. ದಾದಾ ತಿಂಗಳು ಪೂರ್ತಿ ಎಲೆ ಮಾರುತ್ತಿದ್ದರು.

ಈಗ ನನ್ನ ತಪ್ಪು. ಉರ್ದುವಿನಲ್ಲಿ ಏಳು ಇಂಗ್ಲಿಷಿನ 'ವಿ' ಹಾಗೆ, ಎಂಟು ಅದನ್ನೇ ಬೋರಲು ಹಾಕಿದ ಹಾಗೆ, ಸೊನ್ನೆ ಬರೀ ಒಂದು ಚುಕ್ಕೆ. ಒಂದು ರಾತ್ರಿ ದಾದಿ ನಿದ್ದೆ ಬಂತೆಂದು ಎದ್ದು ಹೋದರು, ಅಂಕಿಗಳನ್ನು ನಾನೇ ಓದಿದೆ. ಅಬ್ಬಾ ಆ ಪಟ್ಟಿ ಹಿಡಿದು ಹಾನಗಲ್ಲಿನ ಒಬ್ಬ ಅಂಗಡಿಯವರಿಗೆ 1,800 ರೂಪಾಯಿ ಬಾಕಿ ಎಂದು ನನ್ನಿಂದಲೇ ಫೋನ್ ಮಾಡಿಸಿದರು. ಆ ಕಡೆಯವರು ಒಂದು ಕ್ಷಣ ಸುಮ್ಮನಿದ್ದು ಹೇಳಿದರು: "ತಂಗೀ, ಹದಿನೇಳನೂರು ಅದು. ನಿಮ್ಮ ಅಜ್ಜಾರು ಹೆಚ್ಚು ಬರಿಯೋ ಮನಷ್ಯಾ ಅಲ್ಲ, ನೀವು ಇನ್ನೊಮ್ಮಿ ನೋಡ್ರಿ." ಫೋಟೋ ತೆಗೆದು ನೋಡಿದರೆ ಏಳೇ. ನನಗೆ ಅಳು ಬಂತು. ನೂರು ರೂಪಾಯಿಗಾಗಿ ಅಲ್ಲ, ದಾದಾ ಅವರ ಹೆಸರಿನಲ್ಲಿ ನಾನು ಸುಳ್ಳು ಲೆಕ್ಕ ಹೇಳಿದಂತಾಯಿತಲ್ಲ ಎಂದು.

ಅಂದು ನಾನು ಓದಿದ ಸಾಲುಗಳನ್ನೆಲ್ಲ ಫಿಲ್ಟರ್ ಹಾಕಿ ತೆಗೆದೆ, ಏಳು ಎಂಟು ಇರುವ ಪ್ರತಿಯೊಂದನ್ನೂ ಫೋಟೋ ಜೊತೆ ನೋಡಿದೆ. ಹನ್ನೊಂದು ತಪ್ಪು ಸಿಕ್ಕವು. ಇದನ್ನು ಟ್ಯಾಲಿಯೂ ಹಿಡಿಯುತ್ತಿರಲಿಲ್ಲ. ಮೊದಲ ನಮೂದಿನಲ್ಲೇ ಮೊತ್ತ ತಪ್ಪಾದರೆ ಡೆಬಿಟ್ಟಿಗೂ ಕ್ರೆಡಿಟ್ಟಿಗೂ ಅದೇ ತಪ್ಪು ಮೊತ್ತ ಹೋಗುತ್ತದೆ, ಟ್ರಯಲ್ ಬ್ಯಾಲೆನ್ಸ್ ಸರಿಯಾಗಿಯೇ ಕೂಡುತ್ತದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಈ ಮಾತು ನನಗೆ ಅರ್ಥವಾದದ್ದು ಆ ರಾತ್ರಿ. ನನ್ನನ್ನು ಉಳಿಸಿದ್ದು ಕೊನೆಯ ಕಂಬ, ಫೋಟೋ ನಂಬರ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾವುದು ಎಂದು ಈಗ ಕೇಳಿದರೆ ಆ ಕಂಬವನ್ನೇ ತೋರಿಸುತ್ತೇನೆ.

ಆಮೇಲೆ ಏಳನೆಯ ಕಂಬವೊಂದನ್ನು ಸೇರಿಸಿದೆ, ಉರ್ದುವಿನಲ್ಲಿ ಹೆಸರು. ಲೆಕ್ಕಕ್ಕೆ ಅದು ಬೇಕಿರಲಿಲ್ಲ, ದಾದಿಗೆ ಬೇಕಿತ್ತು. ಫೋನಿನ ಉರ್ದು ಕೀಬೋರ್ಡಿನಲ್ಲಿ ಬರೆದು ನೋಟೋ ನಸ್ತಾಲೀಕ್ ಎಂಬ ಪುಕ್ಕಟೆ ಫಾಂಟ್ ಹಾಕಿದರೆ ಅಕ್ಷರ ಕೈಬರಹದಂತೆಯೇ ಜಾರುತ್ತದೆ. ಉರ್ದು ಪತ್ರಿಕೆಗಳನ್ನು ಬಹಳ ಕಾಲ ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಅವರ ನೂರಿ ನಸ್ತಾಲೀಕ್ 1981ರಲ್ಲಿ ಬಂದ ಮೇಲೆ ನಸ್ತಾಲೀಕ್ ಕಂಪ್ಯೂಟರಿನಲ್ಲಿ ಅಚ್ಚಾಗತೊಡಗಿತು. ಅದಕ್ಕೆ ಒಂದೊಂದು ಜೋಡಿ ಅಕ್ಷರವನ್ನೂ ಬೇರೆ ಬೇರೆ ಬರೆದು ಸಾವಿರಾರು ತುಂಡು ಮಾಡಬೇಕಾಯಿತು. ಈಗ ಅಮ್ಮಿಯ ಫೋನಿನಲ್ಲಿ ಅದು ಸಹಜವಾಗಿ ಬರುತ್ತದೆ. ದಾದಿ ಪರದೆಯ ಮೇಲೆ ಬೆರಳಿಟ್ಟು ಒಂದೊಂದು ಹೆಸರನ್ನೂ ಓದಿ ಸರಿಯೆಂದರು.

ಒಟ್ಟು 63 ಖಾತೆಗಳು. ತೋಟದವರು ನಾಲ್ವರಿಗೆ ಕೊಡುವುದಿತ್ತು, ಅಬ್ಬಾ ಹೋಗಿ ಕೊಟ್ಟು ಬಂದರು. ಒಬ್ಬರಂತೂ ತಮಗೆ ನೆನಪೇ ಇಲ್ಲ ಎಂದರಂತೆ, ಅಬ್ಬಾ ಫೋಟೋ ತೋರಿಸಿ ಕೊಟ್ಟರು. ಬರಬೇಕಾದದ್ದು ನಿಧಾನಕ್ಕೆ ಬರುತ್ತಿದೆ. ಫೈಲಿನ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಹಿರೇಕೆರೂರಿನ ಫೂಫಿಯ ಮನೆಯಲ್ಲಿ ಇದೆ.

ಪುಟ 87ರಲ್ಲಿ ಮೂರು ಹೆಸರುಗಳು ಮಾತ್ರ ದಾದಿಗೂ ಓದಲು ಬಂದಿಲ್ಲ. ಮಳೆನೀರು ಬಿದ್ದು ಚುಕ್ಕೆಗಳು ಅಳಿಸಿವೆ. ಊರು ಶಿಗ್ಗಾವಿ ಎಂಬುದಷ್ಟೇ ಗೊತ್ತು. ಶೀಟಿನಲ್ಲಿ ಆ ಸಾಲುಗಳಿಗೆ ಹಳದಿ ಬಣ್ಣ ಹಾಕಿ ಹಾಗೇ ಬಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಹಳೆಯ ಉರ್ದು ಕೈಬರಹ ಓದಬಲ್ಲ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ. ದ್ವಿತೀಯ ಪಿಯುಸಿ ಕಾಮರ್ಸ್ ಕ್ಲಾಸಿನಲ್ಲಿ, ಕಿಟಕಿ ಪಕ್ಕದ ಎರಡನೆಯ ಬೆಂಚಿನಲ್ಲಿ ಇರುತ್ತೇನೆ. ಫೋಟೋ ತರುತ್ತೇನೆ.