ರಟ್ಟೆ ಸೋತ ರೈತನಿಗೆ ಪಿಂಚಣಿ ಎಲ್ಲಿ?

ತುಮಕೂರು ಜಿಲ್ಲೆಯ ಬಯಲುಸೀಮೆಯ ಒಂದು ಹಳ್ಳಿ. ಅರಳೀಕಟ್ಟೆಯ ಮೇಲೆ ಕುಳಿತಿದ್ದ ನಾಲ್ಕಾರು ಹಿರಿಯರ ನಡುವೆ ಮಾತು ಚುನಾವಣೆಯಿಂದ ಶುರುವಾಗಿ ಸರ್ಕಾರದ ಸಾಲದ ಕಡೆಗೆ ಹೊರಳಿತ್ತು. ಅವರಲ್ಲೊಬ್ಬರಿಗೆ ವಯಸ್ಸು ಅರವತ್ತಾರು. ಎರಡು ಎಕರೆ ಖುಷ್ಕಿ, ಬದುವಿನಲ್ಲಿ ಹತ್ತು ತೆಂಗು, ಬತ್ತಿಹೋದ ಒಂದು ಕೊಳವೆಬಾವಿ, ಇಷ್ಟೇ ಅವರ ಆಸ್ತಿ. ತಿಂಗಳು ತಿಂಗಳು ಬರುತ್ತಿದ್ದ ಸಂಧ್ಯಾ ಸುರಕ್ಷಾ ಹಣ ನಾಲ್ಕು ತಿಂಗಳಿಂದ ಬಂದಿರಲಿಲ್ಲ.

“ಸ್ವಾಮಿ, ಗೋರ್ಮೆಂಟು ಲಕ್ಷಾಂತರ ಕೋಟಿ ಸಾಲ ಮಾಡ್ಕೊಂಡೈತಂತೆ. ಅದಕ್ಕೇ ನಮ್ಮ ದುಡ್ಡು ನಿಂತೋಯ್ತಾ?” ಎಂದು ಅವರು ಕೇಳಿದರು. ಅವರ ಇನ್ನೊಂದು ಚಿಂತೆ ಇನ್ನೂ ದೊಡ್ಡದು. ಮೂವತ್ತೈದು ವರ್ಷದ ಮಗ, “ಪಹಣಿಯಲ್ಲಿ ನನ್ನ ಹೆಸರು ಬಂದರೆ ರೈತರ ಪಿಂಚಣಿ ಯೋಜನೆಗೆ ಸೇರಬಹುದು, ಜಮೀನು ನನ್ನ ಹೆಸರಿಗೆ ಮಾಡಪ್ಪ” ಎಂದು ದುಂಬಾಲು ಬಿದ್ದಿದ್ದ. ಮಾಡಿಕೊಡಬೇಕೋ ಬೇಡವೋ ಎಂಬುದೇ ಅವರ ಪ್ರಶ್ನೆ.

ಈ ಎರಡು ಪ್ರಶ್ನೆಗಳು ಅವರೊಬ್ಬರವಲ್ಲ. ನಮ್ಮ ಹಳ್ಳಿಗಳಲ್ಲಿ ಅರವತ್ತು ದಾಟಿದ ಬಹುತೇಕ ಎಲ್ಲರವೂ ಹೌದು. ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಸರ್ಕಾರದ ಸಾಲ ಎಂದರೇನು?

ರೈತನಿಗೆ ಸಾಲದ ವಿಷಯ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬಾವಿ ತೋಡಿಸಲು ಮಾಡಿದ ಸಾಲ ಬೇರೆ, ಜಾತ್ರೆಗೆಂದು ಮಾಡಿದ ಸಾಲ ಬೇರೆ. ಮೊದಲನೆಯದು ನೀರು ಬಂದರೆ ತಾನೇ ತೀರುತ್ತದೆ. ಎರಡನೆಯದು ಮನೆಯನ್ನು ಹಿಂಡುತ್ತದೆ. ಸರ್ಕಾರಕ್ಕೂ ಇದೇ ಲೆಕ್ಕ. ರಸ್ತೆ, ರೈಲು, ನೀರಾವರಿಗೆ ಮಾಡಿದ ಸಾಲ ಮುಂದೆ ಆದಾಯ ತಂದೀತು. ದಿನದ ಖರ್ಚಿಗೆ ಮಾಡಿದ ಸಾಲ ಬಡ್ಡಿಯನ್ನು ಮಾತ್ರ ಬೆಳೆಸುತ್ತದೆ.

ಕೇಂದ್ರ ಸರ್ಕಾರದ 2025-26ರ ಮುಂಗಡಪತ್ರವನ್ನೇ ತೆಗೆದುಕೊಳ್ಳೋಣ. ಒಟ್ಟು ವೆಚ್ಚ ಸುಮಾರು 50.65 ಲಕ್ಷ ಕೋಟಿ ರೂ. ಸರ್ಕಾರದ ಕೈಗೆ ಬರುವ ಪ್ರತಿ ರೂಪಾಯಿಯಲ್ಲಿ 24 ಪೈಸೆ ಸಾಲದ ಹಣ. ಹೊರಗೆ ಹೋಗುವ ಪ್ರತಿ ರೂಪಾಯಿಯಲ್ಲಿ 20 ಪೈಸೆ ಹಳೆಯ ಸಾಲದ ಬಡ್ಡಿಗೆ. ಅಂದರೆ ಹೊಸದಾಗಿ ತಂದ ಸಾಲದ ಬಹುಭಾಗದಷ್ಟು ಹಣ ಹಳೆಯ ಬಡ್ಡಿಗೇ ಹೋಗುತ್ತಿದೆ. ಕೈಗಡ ತಂದು ಬಡ್ಡಿ ಕಟ್ಟುವ ಮನೆಯ ಕಥೆ ನಮಗೆ ಗೊತ್ತಿಲ್ಲದ್ದೇನಲ್ಲ. ಚಿಂತೆಪಡುವುದಕ್ಕೆ ಕಾರಣ ಇದೆ ಎಂಬುದು ನಿಜ.

ಆದರೆ ಹೆದರಿ ಕಂಗಾಲಾಗುವುದಕ್ಕೆ ಕಾರಣವಿಲ್ಲ. ಏಕೆಂದರೆ ಈ ಸಾಲದ ಬಹುಪಾಲು ಪರದೇಶದ್ದಲ್ಲ, ನಮ್ಮದೇ ಬ್ಯಾಂಕು, ಜೀವವಿಮಾ ನಿಗಮ, ಭವಿಷ್ಯನಿಧಿಗಳಿಂದ ಪಡೆದದ್ದು. ಅಂಚೆ ಕಚೇರಿಯಲ್ಲಿ ನೀವು ಇಟ್ಟ ಉಳಿತಾಯದ ಹಣವೂ ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಯ ಮೂಲಕ ಸರ್ಕಾರಕ್ಕೇ ಸಾಲವಾಗಿ ಹೋಗುತ್ತದೆ. ಒಂದು ಬಗೆಯಲ್ಲಿ ಕಟ್ಟೆಯ ಮೇಲೆ ಕುಳಿತ ಅಜ್ಜನೂ ಸರ್ಕಾರಕ್ಕೆ ಸಾಲ ಕೊಟ್ಟ ಸಾಹುಕಾರನೇ!

1991ರಲ್ಲಿ ದೇಶ ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಡಬೇಕಾಗಿ ಬಂದದ್ದು ಹಿರಿಯರಿಗೆ ನೆನಪಿರಬಹುದು. ಅದು ಆಮದಿಗೆ ಬೇಕಾದ ವಿದೇಶಿ ನಾಣ್ಯ ಬರಿದಾದ ಸಂಕಟ. ಮನೆಯೊಳಗಿನ ಸಾಲಕ್ಕೂ ಅದಕ್ಕೂ ವ್ಯತ್ಯಾಸವಿದೆ. ಹಾಗೆಂದು ಮನೆಯೊಳಗಿನ ಸಾಲ ಅಳತೆ ಮೀರಬಾರದು. ಅದಕ್ಕಾಗಿಯೇ ಕರ್ನಾಟಕ 2002ರಲ್ಲಿ, ಕೇಂದ್ರ 2003ರಲ್ಲಿ ವಿತ್ತೀಯ ಹೊಣೆಗಾರಿಕೆಯ ಕಾನೂನು ಮಾಡಿದವು. ದೇಶದ ಒಟ್ಟು ಉತ್ಪನ್ನದ ನೂರಕ್ಕೆ ಸುಮಾರು 56ರಷ್ಟಿರುವ ತನ್ನ ಸಾಲವನ್ನು 2031ರ ಮಾರ್ಚಿ ಹೊತ್ತಿಗೆ 50ರ ಆಸುಪಾಸಿಗೆ ಇಳಿಸುವುದಾಗಿ ಕೇಂದ್ರ ಸರ್ಕಾರ 2025ರ ಮುಂಗಡಪತ್ರದಲ್ಲಿ ಹೇಳಿದೆ.

ವೃದ್ಧರ ಪಾಲು ಎಷ್ಟು?

ಮುದುಕರಿಗೆ ಕೊಡುವ ಹಣದಿಂದಲೇ ಸರ್ಕಾರ ಸಾಲಗಾರನಾಯಿತು ಎಂಬ ಮಾತು ಪೇಟೆಯಲ್ಲಿ ಕೇಳಿಬರುತ್ತದೆ. ಅಂಕಿಗಳು ಬೇರೆಯೇ ಮಾತು ಹೇಳುತ್ತವೆ.

ಅದೇ 2025-26ರಲ್ಲಿ ಕೇಂದ್ರ ಸರ್ಕಾರ ತನ್ನ ನಿವೃತ್ತ ನೌಕರರು ಮತ್ತು ಸೈನಿಕರ ಪಿಂಚಣಿಗೆ ತೆಗೆದಿಟ್ಟದ್ದು ರೂಪಾಯಿಗೆ 4 ಪೈಸೆ. ಬಡ ವೃದ್ಧರು, ವಿಧವೆಯರು, ಅಂಗವಿಕಲರು ಎಲ್ಲರೂ ಸೇರಿದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ ಇಟ್ಟದ್ದು 9,652 ಕೋಟಿ ರೂ. ಇದು ರೂಪಾಯಿಗೆ ಒಂದು ಪೈಸೆಯೂ ಅಲ್ಲ, ಪೈಸೆಯ ಐದನೇ ಒಂದು ಪಾಲು.

ಈ ಕಾರ್ಯಕ್ರಮ ಆರಂಭವಾದದ್ದು 1995ರ ಆಗಸ್ಟ್ 15ರಂದು. ಆಗ ವೃದ್ಧರಿಗೆ ಕೇಂದ್ರದ ಪಾಲು ತಿಂಗಳಿಗೆ 75 ರೂ. ಬಳಿಕ 2006ರಲ್ಲಿ ಅದು 200 ರೂ. ಆಯಿತು. 2011ರಲ್ಲಿ ವಯಸ್ಸಿನ ಮಿತಿ 60ಕ್ಕೆ ಇಳಿಯಿತು. 80 ದಾಟಿದವರಿಗೆ 500 ರೂ. ಎಂದಾಯಿತು. ಆದರೆ 60ರಿಂದ 79ರವರೆಗಿನವರ 200 ರೂ. 2025ರಲ್ಲಿಯೂ 200 ರೂ. ಆಗಿಯೇ ಇತ್ತು. ದಿನಕ್ಕೆ ಏಳು ರೂಪಾಯಿಗೂ ಕಡಿಮೆ! ಸರ್ಕಾರಿ ನೌಕರರ ಪಿಂಚಣಿಗೆ ಬೆಲೆ ಏರಿದಂತೆ ತುಟ್ಟಿಭತ್ಯೆ ಸೇರುತ್ತದೆ. ರಟ್ಟೆ ಸೋತ ರೈತನ ಪಿಂಚಣಿಗೆ ಆ ಭಾಗ್ಯವಿಲ್ಲ.

ನಮ್ಮ ರಾಜ್ಯದಲ್ಲಿ 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆ ಸಣ್ಣ ಮತ್ತು ಅತಿ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು ಮುಂತಾದವರ ಪೈಕಿ 65 ವರ್ಷ ತುಂಬಿದ ಬಡವರಿಗಾಗಿ ಇರುವಂಥದು. 2021ರಲ್ಲಿ ಇದರ ಮೊತ್ತವನ್ನು ಒಂದು ಸಾವಿರದಿಂದ 1,200 ರೂ.ಗೆ ಏರಿಸಲಾಯಿತು. ಅರ್ಜಿ ಕೊಡಬೇಕಾದದ್ದು ನಾಡಕಚೇರಿಯಲ್ಲಿ.

ನಮ್ಮ ಹಿರಿಯರ ಹಣ ನಿಂತದ್ದಕ್ಕೆ ದೇಶದ ಸಾಲ ಕಾರಣವಾಗಿರಲಿಲ್ಲ. ಅವರ ಆಧಾರ್ ಚೀಟಿಯಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹೆಸರು ಇತ್ತು. ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಇಂಥ ತೊಡಕಿಗೆ ಮೂರು ಕಡೆ ವಿಚಾರಿಸಬೇಕು: ಮೊದಲು ಬ್ಯಾಂಕು ಅಥವಾ ಅಂಚೆ ಕಚೇರಿ, ಆಮೇಲೆ ನಾಡಕಚೇರಿ, ಅಲ್ಲಿಯೂ ಬಗೆಹರಿಯದಿದ್ದರೆ ತಾಲ್ಲೂಕು ಕಚೇರಿ. ಬರಿಗೈಯಲ್ಲಿ ಹೋಗದೆ ಮಂಜೂರಾತಿ ಆದೇಶದ ಪ್ರತಿಯನ್ನು ಒಯ್ಯಿರಿ. ಬಾಯಿಮಾತಿಗಿಂತ ಬರೆದ ಅರ್ಜಿ, ಅದಕ್ಕೆ ಸ್ವೀಕೃತಿ ಪಡೆಯುವುದು ಲೇಸು.

ಮಗನಿಗೆ ಯಾವ ಯೋಜನೆ?

ಇನ್ನು ಎರಡನೆಯ ಪ್ರಶ್ನೆ. ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆ 2019ರಲ್ಲಿ ಪ್ರಾರಂಭವಾಯಿತು. ಎರಡು ಹೆಕ್ಟೇರಿನವರೆಗೆ ಜಮೀನುಳ್ಳ, 18ರಿಂದ 40 ವರ್ಷದೊಳಗಿನ ರೈತರು ಇದಕ್ಕೆ ಸೇರಬಹುದು. ಸೇರುವಾಗಿನ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂ. ಕಟ್ಟಬೇಕು. ರೈತ ಕಟ್ಟಿದಷ್ಟೇ ಹಣವನ್ನು ಕೇಂದ್ರವೂ ಹಾಕುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂ. ಪಿಂಚಣಿ, ಆತನ ಕಾಲಾನಂತರ ಹೆಂಡತಿಗೆ ಅದರ ಅರ್ಧ.

ಆದರೆ ಒಂದು ಮಾತು ಗಮನಿಸಬೇಕು. ಈ ಯೋಜನೆಗೆ 2019ರ ಆಗಸ್ಟ್ 1ರಂದು ಭೂದಾಖಲೆಯಲ್ಲಿ ಹೆಸರಿದ್ದವರೇ ಅರ್ಹರು. ಆದ್ದರಿಂದ ಯೋಜನೆಗೆ ಸೇರುವುದಕ್ಕೆಂದೇ ಅಪ್ಪನ ಜಮೀನನ್ನು ಈಗ ಮಗನ ಹೆಸರಿಗೆ ಮಾಡಿಸುವುದರಿಂದ ಪ್ರಯೋಜನವಿಲ್ಲ.

ಅಂಥವರಿಗೆ 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆ ಇದೆ. ಇದಕ್ಕೂ ವಯಸ್ಸು 18ರಿಂದ 40. ಆದಾಯ ತೆರಿಗೆ ಕಟ್ಟುವವರಾಗಿರಬಾರದು. ಪಹಣಿ ಬೇಕಿಲ್ಲ, ಬ್ಯಾಂಕ್ ಅಥವಾ ಅಂಚೆ ಖಾತೆ ಇದ್ದರೆ ಸಾಕು. ಒಂದು ಸಾವಿರದಿಂದ ಐದು ಸಾವಿರದವರೆಗೆ ಪಿಂಚಣಿಯ ಮೊತ್ತವನ್ನು ನಾವೇ ಆರಿಸಿಕೊಳ್ಳಬಹುದು. ಮೂವತ್ತೈದು ವರ್ಷದವನು 3,000 ರೂ. ಪಿಂಚಣಿ ಬೇಕೆಂದರೆ ತಿಂಗಳಿಗೆ 543 ರೂ. ಕಟ್ಟಬೇಕು. ಕಿಸಾನ್ ಮಾನ್‌ಧನ್‌ಗಿಂತ ಕಂತು ಹೆಚ್ಚು, ನಿಜ. ಆದರೆ ಇಲ್ಲಿ ಗಂಡನ ನಂತರ ಹೆಂಡತಿಗೆ ಪೂರ್ತಿ ಪಿಂಚಣಿ, ಇಬ್ಬರ ನಂತರ ಕೂಡಿದ ಗಂಟು ವಾರಸುದಾರರಿಗೆ ಸೇರುತ್ತದೆ. ಮಾನ್‌ಧನ್‌ನಲ್ಲಿ ಮಕ್ಕಳಿಗೆ ಏನೂ ಉಳಿಯುವುದಿಲ್ಲ.

ಎರಡರಲ್ಲಿಯೂ ಇರುವ ಕೊರತೆ ಒಂದೇ. ಬೆಲೆ ಏರಿದರೂ ಪಿಂಚಣಿ ಏರದು. ವರ್ಷಕ್ಕೆ ನೂರಕ್ಕೆ ಐದರಂತೆ ಬೆಲೆಗಳು ಏರಿದರೆ, ಮೂವತ್ತು ವರ್ಷದ ನಂತರದ 3,000 ರೂ.ಗೆ ಇಂದಿನ ಸುಮಾರು 700 ರೂ.ಗಳಷ್ಟೇ ಬೆಲೆ. ಆದ್ದರಿಂದ ಇದನ್ನೊಂದೇ ನಂಬಿ ಕೂರುವಂತಿಲ್ಲ. ಬದುವಿನ ಮೇಲೆ ನಾಲ್ಕು ಹಲಸು, ಹುಣಸೆ, ಹೆಬ್ಬೇವು ಹಾಕಿ ಬೆಳೆಸುವುದೂ ಒಂದು ಪಿಂಚಣಿಯೇ. ಅದು ಬೆಲೆಯೊಡನೆ ತಾನೂ ಏರುತ್ತದೆ.

ಜಮೀನು ಬರೆದುಕೊಡುವ ಮುನ್ನ

ಹಿರಿಯರಿಗೆ ಜಮೀನೇ ಕೊನೆಯ ಊರುಗೋಲು. ಅದನ್ನು ಬಿಟ್ಟುಕೊಡುವಾಗ ಅವಸರ ಸಲ್ಲದು. ಕೊಡಲೇಬೇಕೆಂದಿದ್ದರೆ, “ನನ್ನನ್ನೂ ನನ್ನ ಹೆಂಡತಿಯನ್ನೂ ಕೊನೆಯವರೆಗೆ ನೋಡಿಕೊಳ್ಳಬೇಕು” ಎಂಬ ಷರತ್ತನ್ನು ದಾನಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸಿ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ವಿಧಿಯಂತೆ, ಇಂಥ ಷರತ್ತಿನ ಮೇಲೆ ಪಡೆದ ಆಸ್ತಿಯವರು ನೋಡಿಕೊಳ್ಳದೆ ಹೋದರೆ ಆ ಪತ್ರವನ್ನು ರದ್ದುಪಡಿಸಬಹುದು. ನಮ್ಮ ರಾಜ್ಯದಲ್ಲಿ ಇದರ ವಿಚಾರಣೆ ನಡೆಸುವವರು ಉಪವಿಭಾಗಾಧಿಕಾರಿಗಳು. ಷರತ್ತು ಬರೆಸುವುದೆಂದರೆ ಮಗನ ಮೇಲೆ ಅಪನಂಬಿಕೆ ಎಂದು ಭಾವಿಸಬೇಕಾಗಿಲ್ಲ. ಬೆಳೆ ಚೆನ್ನಾಗಿದ್ದರೂ ಬೇಲಿ ಹಾಕುವುದಿಲ್ಲವೇ?

ಮತ ಕೇಳಲು ಬಂದವರನ್ನು ಏನು ಕೇಳಬೇಕು?

ಚುನಾವಣೆಗೂ ರೈತನ ಕೈಗೆ ಬರುವ ಹಣಕ್ಕೂ ಹಳೆಯ ನಂಟು. 1987ರಲ್ಲಿ ಹರಿಯಾಣದ ಚುನಾವಣೆಯಲ್ಲಿ ದೇವಿಲಾಲ್ ಅವರು ಕೊಟ್ಟ ಮಾತಿನಂತೆ ಅಲ್ಲಿ ವೃದ್ಧರಿಗೆ ತಿಂಗಳಿಗೆ 100 ರೂ. ಪಿಂಚಣಿ ಬಂದಿತು. ಅದು 2024ರ ಜನವರಿಯಲ್ಲಿ 3,000 ರೂ. ಮುಟ್ಟಿತು. 2008ರ ಮುಂಗಡಪತ್ರದಲ್ಲಿ ಸಾರಿದ ರೈತರ ಸಾಲಮನ್ನಾ ಮರುವರ್ಷದ ಲೋಕಸಭಾ ಚುನಾವಣೆಗೆ ಮುನ್ನ ಬಂದದ್ದು. ರೈತರಿಗೆ ವರ್ಷಕ್ಕೆ 6,000 ರೂ. ಕೊಡುವ ಕಿಸಾನ್ ಸಮ್ಮಾನ್ ಯೋಜನೆಯೂ 2019ರ ಚುನಾವಣೆಯ ಹೊಸ್ತಿಲಲ್ಲಿ ಪ್ರಕಟವಾಯಿತು. ಸರ್ಕಾರಿ ನೌಕರರು ಒಗ್ಗಟ್ಟಿನಿಂದ ಕೇಳಿದ್ದರಿಂದಲೇ 2025ರ ಏಪ್ರಿಲ್ 1ರಿಂದ ಕೇಂದ್ರ ನೌಕರರಿಗೆ ಖಚಿತ ಪಿಂಚಣಿಯ ಹೊಸ ವ್ಯವಸ್ಥೆ ಜಾರಿಗೆ ಬಂತು. ಅತ್ತರೆ ಮಾತ್ರ ಹಾಲು ಎಂಬುದು ರಾಜಕೀಯದಲ್ಲಿಯೂ ಸತ್ಯ.

ಆದ್ದರಿಂದ ಮತ ಕೇಳಲು ಬಂದವರನ್ನು “ಏನು ಕೊಡುತ್ತೀರಿ?” ಎಂದಷ್ಟೇ ಕೇಳಿದರೆ ಸಾಲದು. ಮೂರು ಪ್ರಶ್ನೆ ಕೇಳಬೇಕು. ಕೊಡುವ ಹಣ ತೆರಿಗೆಯಿಂದಲೋ ಸಾಲದಿಂದಲೋ? ಕೇಂದ್ರದ 200 ರೂ. ಎಂದು ಏರುತ್ತದೆ? ಬೆಲೆ ಏರಿದಂತೆ ವೃದ್ಧರ ಪಿಂಚಣಿಯೂ ತಾನಾಗಿ ಏರುವ ಏರ್ಪಾಟು ಮಾಡುತ್ತೀರಾ? ಸಾಲ ಮಾಡಿ ಕೊಟ್ಟ ಹಣವನ್ನು ನಾಳೆ ನಮ್ಮ ಮೊಮ್ಮಕ್ಕಳೇ ಬಡ್ಡಿಸಮೇತ ತೀರಿಸಬೇಕು ಎಂಬುದನ್ನೂ ನಾವು ಮರೆಯಬಾರದು.

ಮತಗಟ್ಟೆಗೆ ನಡೆಯಲಾರೆವು ಎಂದು ಹಿರಿಯರು ಹಿಂಜರಿಯಬೇಕಾಗಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ 85 ವರ್ಷ ದಾಟಿದವರಿಗೆ ಮನೆಯಲ್ಲಿಯೇ ಮತ ಹಾಕುವ ಅವಕಾಶವಿತ್ತು. ಅದಕ್ಕೆ 12ಡಿ ನಮೂನೆಯ ಅರ್ಜಿಯನ್ನು ಗಡುವಿನೊಳಗೆ ಕೊಡಬೇಕಾಗಿತ್ತು. ಮುಂದಿನ ಚುನಾವಣೆ ಪ್ರಕಟವಾದ ಕೂಡಲೆ ನಿಮ್ಮ ಊರಿನ ಮತಗಟ್ಟೆ ಅಧಿಕಾರಿಯನ್ನು ವಿಚಾರಿಸಿ. ಪಟ್ಟಿಯಲ್ಲಿ ಹೆಸರಿದೆಯೇ ಎಂಬುದನ್ನು ಅದಕ್ಕೂ ಮೊದಲೇ ನೋಡಿಕೊಳ್ಳಿ.

ನಮ್ಮ ಹಿರಿಯರು ಪಾಸ್‌ಬುಕ್ಕಿನ ಹೆಸರನ್ನು ಸರಿಪಡಿಸಿಕೊಂಡಿದ್ದಾರೆ. ಅರ್ಜಿಗೆ ಸ್ವೀಕೃತಿಯೂ ಸಿಕ್ಕಿದೆ. ಮಗ ಅಂಚೆ ಕಚೇರಿಯಲ್ಲಿ ಅಟಲ್ ಪಿಂಚಣಿಗೆ ಸೇರಲು ಒಪ್ಪಿದ್ದಾನೆ. ಎರಡು ಎಕರೆಯ ಪಹಣಿ ಸದ್ಯಕ್ಕೆ ಅಪ್ಪನ ಹೆಸರಿನಲ್ಲಿಯೇ ಉಳಿದಿದೆ. ಈ ಮುಂಗಾರಿಗೆ ಅದರಲ್ಲಿ ರಾಗಿಯ ಜೊತೆ ಅವರೆ ಹಾಕುವುದೆಂದು ಅಪ್ಪ ಮಗ ಕೂಡಿ ತೀರ್ಮಾನಿಸಿದ್ದಾರೆ.